ಏಳಿಲ್ಲದ ಲೆಕ್ಕ

ತಿಪಟೂರಿನ ಮಂಡಿಯಲ್ಲಿ ಕಾಯಿ ಎಣಿಸುವ ಪ್ಯಾರೇಜಾನ್
ಜುಟ್ಟು ಹಿಡಿದು ಎತ್ತುತ್ತಾನೆ,
ಈ ಕೈಗೆ ಮೂರು, ಆ ಕೈಗೆ ಮೂರು,
ಬೀಸಿ ಒಗೆದರೆ ಒಂದು ಎಸೆತ.
ಮೊದಲನೆಯದಕ್ಕೆ ಲಾಭ ಅನ್ನುತ್ತಾನೆ,
ಆಮೇಲೆ ಎರಡು, ಮೂರು, ನಾಲ್ಕು, ಐದು,
ಅಲ್ಲಿಗೆ ಮಾತು ಮುಗಿಯಿತು.
ಆರನೆಯ ಎಸೆತಕ್ಕೆ ಬಾಯಿಲ್ಲ,
ಗೋಡೆಯ ಬುಡದಲ್ಲಿ ಒಂದು ಚಿಪ್ಪು ಬೋರಲಾಗುತ್ತದೆ
ಮತ್ತೆ ಲಾಭ.
ಚಿಪ್ಪು ಆರಾದರೆ ಎಲ್ಲ ಬಾಚಿ ಎತ್ತಿ
ಸುಣ್ಣದ ಗೋಡೆಗೆ ಒಂದು ಇದ್ದಿಲ ಗೀಟು.

ನಾನು ಹೊಸದಾಗಿ ಬಂದ ರೈಟರಮ್ಮ.
ಹತ್ತು, ನೂರು, ಸಾವಿರ
ದೇವರು ಮಾಡಿದ ಮೆಟ್ಟಿಲೆಂದೇ ನಂಬಿದವಳು.
ಮೊದಲ ದಿನ ಅವನು ಕೂಗಿದ: ಲಾಭ, ಎರಡು, ಲಾಭ.
ನೂರಿಪ್ಪತ್ತೊಂದು ಎಂದು ಬರೆದೆ.
ಇದ್ದದ್ದು ನಲವತ್ತೊಂಬತ್ತು:
ಒಂದು ಚಿಪ್ಪು, ಎರಡು ಎಸೆತ, ಒಂದು ಬಿಡಿಕಾಯಿ.
ಗುರುಶಾಂತಪ್ಪನವರು ಕನ್ನಡಕ ಮೂಗಿಗಿಳಿಸಿ
'ಎಪ್ಪತ್ತೆರಡು ಕಾಯಿ ಯಾವ ಇಲಿ ತಿಂತಮ್ಮ?' ಅಂದರು.

ಮಾರನೆಯ ಬೆಳಗ್ಗೆ ಬಾಗಿಲಿಗೆ ಚುಕ್ಕಿ ಇಡುತ್ತಾ ಕಂಡಿತು.
ಏಳು ಚುಕ್ಕಿ, ಏಳು ಸಾಲು: ಅವನ ಚೌಕ.
ಹನ್ನೊಂದು ಚುಕ್ಕಿ, ಹನ್ನೊಂದು ಸಾಲು: ನನ್ನದು.
ಒಂದು, ಎರಡು, ಒಂದು,
ಎರಡೆಂಬ ಅಂಕಿ ಇರುವ ಯಾವ ಊರಿನ ಲೆಕ್ಕದಲ್ಲಿ ಓದಿದರೂ
ಅದು ಚೌಕವಾಗಿಯೇ ಕೂರುತ್ತದೆ.
ಕಾಯಿ ತಪ್ಪಿತ್ತು, ಮೂಲೆ ತಪ್ಪಿರಲಿಲ್ಲ.
ಇದನ್ನು ಸಾಹುಕಾರರಿಗೆ ಹೇಳಲಿಲ್ಲ,
ಸಂಬಳ ಹಿಡಿಯುತ್ತಾರೆಂದು.

ಪ್ಯಾರೇಜಾನನಿಗೆ ಹೇಳಿದೆ. ನಕ್ಕ.
ಎಡಗೈ ಬೆರಳಲ್ಲಿ ಬಿಡಿ, ಬಲಗೈ ಬೆರಳಲ್ಲಿ ಎಸೆತ,
ಹತ್ತೇ ಬೆರಳಿಗೆ ಮೂವತ್ತೈದರವರೆಗೆ ತೋರಿಸಿದ.
ನನ್ನ ಹತ್ತು ಬೆರಳು ಹತ್ತರಲ್ಲೇ ಸುಸ್ತಾಗಿ
ಮಡಿಲಲ್ಲಿ ಮಲಗಿದ್ದವು.
'ಏಳು ಅನ್ನೋದೇ ಇಲ್ವಲ್ಲ ನಿನ್ನ ಬಾಯಲ್ಲಿ?'
'ಏಳು ಅಂತ ಹೆಂಡ್ತಿ ದಿನಾ ಅಂತಾಳೆ, ಸಾಲದಾ?
ಏಳರಾಟದ ಶನಿ ಬಂದರೂ
ಆರರ ಹೊಸಿಲು ದಾಟಲಾರದೆ ವಾಪಸ್ಸು ಹೋಗ್ತಾನೆ.'

ನೊಣವಿನಕೆರೆಯ ಲಾರಿ ಬಂತು. ಮಧ್ಯಾಹ್ನ ಕಳೆಯಿತು.
ನನ್ನ ಪುಸ್ತಕದಲ್ಲಿ ಏಳುನೂರ ಎಪ್ಪತ್ತೇಳು,
ಮೂರು ಏಳು, ಸಾಲಾಗಿ, ಕೊಡಲಿ ಹೊತ್ತವರ ಹಾಗೆ.
ಅವನ ಕಡೆ ನೋಡಿದೆ:
ಗೋಡೆಗೆ ಮೂರು ಗೀಟು, ನೆಲಕ್ಕೆ ಮೂರು ಚಿಪ್ಪು,
ಮೂರು ಎಸೆತ,
ಮತ್ತೆ ಕಾಲ ಬಳಿ, ಬೇಕೆಂದೇ ಇಟ್ಟ ಹಾಗೆ, ಮೂರು ಬಿಡಿ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ರಾಶಿಗೆ ಏನೂ ಗೊತ್ತಿರಲಿಲ್ಲ,
ಅದರ ಮೇಲೊಂದು ಓತಿಕ್ಯಾತ ಕತ್ತು ಕುಣಿಸುತ್ತಿತ್ತು.

ಹಮಾಲರು ಐದು ಜನ. ಸಮ ಪಾಲು ಬರುತ್ತದೋ ಇಲ್ಲವೋ
ನಾನು ಭಾಗಾಕಾರಕ್ಕೆ ಪೆನ್ನು ತೆರೆಯುವುದರೊಳಗೆ
ಅವನು ಗೀಟು, ಚಿಪ್ಪು, ಎಸೆತ, ಬಿಡಿ
ಭೇದ ಮಾಡದೆ ಒಟ್ಟು ಕೂಡಿಸಿದ. ಹನ್ನೆರಡು.
'ಎರಡು ಮಿಗ್ತದೆ ರೈಟರಮ್ಮ.'
ಅದು ಹ್ಯಾಗೆ?
'ಆರರಲ್ಲಿ ಐದು ಮಂದಿಗೆ ಕೊಟ್ರೆ ಒಂದು ಉಳೀತದೆ.
ಚಿಪ್ಪಿನಲ್ಲೂ ಒಂದೇ ಉಳಿಯೋದು, ಗೀಟಿನಲ್ಲೂ ಒಂದೇ.
ದೊಡ್ಡದಾದ್ರೆ ಹೆಚ್ಚು ಮಿಗ್ತದೆ ಅಂದ್ಕೊಂಡಿದ್ರಾ?'

ಯುಗಾದಿಗೆ ಸಾಹುಕಾರರು ಆರು ಕಾಯಿ ಕೊಟ್ಟರು.
ಈ ಕೈಗೆ ಮೂರು, ಆ ಕೈಗೆ ಮೂರು,
ಜುಟ್ಟು ಹಿಡಿದು ಕೆ.ಬಿ. ಕ್ರಾಸಿನ ಬಸ್ಸು ಹತ್ತಿದೆ,
ಕಂಬಿ ಹಿಡಿಯಲು ಕೈಯಿಲ್ಲದೆ ಯಾರದೋ ಹೆಗಲಿಗೆ ಒರಗಿ.
'ಎಷ್ಟಮ್ಮ ಕಾಯಿ?' ಅಂದ ಕಂಡಕ್ಟರು.
ನಾಲಿಗೆ ಅದಾಗಲೇ ಮಂಡಿಯದಾಗಿತ್ತು.
'ಒಂದು ಸೊನ್ನೆ' ಅಂದೆ.
ಹತ್ತಕ್ಕೆ ಲಗೇಜು ಹರಿದು ಕೈಗಿಡಲು ನೋಡಿ,
ಕೈ ಖಾಲಿಯಿಲ್ಲದ್ದು ಕಂಡು
ಒಂದು ಜುಟ್ಟಿಗೆ ಸಿಕ್ಕಿಸಿ ಮುಂದೆ ಹೋದ.